ವರ್ಸಿತೋನ ಹೊಸ ಬಂಧುಗಳು

ವಾರ್ಡಿನ ದೀಪ ಆರಿದ ಎಷ್ಟೋ ಹೊತ್ತಿನ ಮೇಲೆ ಮೊಬೈಲು ‘ಟಿಣ್’ ಎಂದಿತು. ಜಾವಾದ ಯೋಗ್ಯಕರ್ತ ನಗರದ ಆಸ್ಪತ್ರೆಯಲ್ಲಿ ಮಲಗಿದ್ದ ವರ್ಸಿತೋ ಕಣ್ಣುಬಿಟ್ಟ. ಅವನ ಓಣಿಯ ಮುಖ್ಯಸ್ಥ ತುಕಿಜೋ ವಾಟ್ಸಾಪ್ ಗುಂಪಿಗೆ ತಾನು ರಕ್ತ ಕೊಡುತ್ತಿರುವ ಚಿತ್ರ ಹಾಕಿದ್ದ. ಚುಚ್ಚಿದ ತೋಳು, ಯುದ್ಧ ಗೆದ್ದ ಮುಖ. ಕೆಳಗೆ ಬರಹ: ‘ವರ್ಸಿತೋನ ಮೈಯಲ್ಲಿ ಈಗ ಹರಿಯುತ್ತಿರುವುದು ನಾನು.’

ರೋಗದಿಂದ ಮೈಯನ್ನು ಕಾಯಬೇಕಾದ, ರಕ್ತದೊಳಗಿನ ಕಾವಲುಗಾರರೇ ವರ್ಸಿತೋನ ಕಿಡ್ನಿಯನ್ನು ಕಳ್ಳನೆಂದು ಬಡಿಯುತ್ತಿದ್ದರು. ಆ ಓಣಿಯಲ್ಲಿ ಬೆಳೆದ ದೇಹ ನೆರೆಹೊರೆಯನ್ನು ಸುಮ್ಮನೆ ಬಿಟ್ಟೀತೆ? ದಿನಾ ಮಧ್ಯಾಹ್ನ ಯಂತ್ರವೊಂದು ಅವನ ರಕ್ತದಿಂದ ಹಳದಿ ನೀರನ್ನು, ಅಂದರೆ ಪ್ಲಾಸ್ಮಾವನ್ನು, ತೆಗೆದು ಬೇರೆ ದ್ರವ ತುಂಬುತ್ತಿತ್ತು. ಕಿಡ್ನಿ ಉಳಿಯಬೇಕಾದರೆ ಇದೇ ದಾರಿ ಎಂದಿದ್ದರು ಡಾಕ್ಟರು.

ಬೆಳಿಗ್ಗೆ, ಅವನಿಗೆಂದು ರಕ್ತ ಕೊಟ್ಟಿದ್ದ ಓಣಿಯವರೆಲ್ಲ ವ್ಯಾನು ಮಾಡಿಕೊಂಡು, ಕಿತ್ತಳೆ ಬುಟ್ಟಿಯ ಸಮೇತ ಬಂದಿಳಿದರು.

“ಇನ್ಮೇಲೆ ಕಡ್ಡಿಗೆ ಚುಚ್ಚಿ ಸುಟ್ಟ ಆ ಮೇಕೆ ಸಾಟೆ ಮುಟ್ಟಬೇಡಪ್ಪ,” ಎಂದರು ಪಕ್ಕದ ಮನೆಯ ವೆನಿಂಗ್ ಅಮ್ಮ. “ನನ್ನ ರಕ್ತಕ್ಕೆ ಮೇಕೆ ಆಗಲ್ಲ. ನಿನಗೇನಾದ್ರೂ ಆದ್ರೆ ಕೆಟ್ಟ ಹೆಸರು ನನಗೆ!”

ತುಕಿಜೋ ಹಾಸಿಗೆಯ ಮೇಲೇ ಕೂತ. “ತಮ್ಮಾ, ಈಗ ನಾವಿಬ್ರೂ ಒಂದೇ. ನಿನ್ನ ಹಾಡೋ ಬೆಳವಕ್ಕಿ ನಮ್ಮನೇಲಿದ್ರೂ ಒಂದೇ ಅಲ್ವಾ?”

“ಅದು ನನ್ನ ಪ್ರಾಣ, ಅಣ್ಣಾ.”

“ಪ್ರಾಣ ಉಳಿಸಿದ್ದು ಯಾರಪ್ಪ?”

ಜಾವಾದವರ ಬಾಯಲ್ಲಿ ‘ಇಲ್ಲ’ ಎಂಬುದು ಮೀನಿನ ಮುಳ್ಳಿನಂತೆ ಗಂಟಲಲ್ಲೇ ನಿಲ್ಲುತ್ತದೆ. ವರ್ಸಿತೋ “ಆಗ್ಲಿ” ಎಂದ. ತುಕಿಜೋ ಒಡನೆಯೇ ಹಕ್ಕಿ ತರಲು ಹೊರಟ.

ಮಧ್ಯಾಹ್ನ ರತ್ರಿ ಎಂಬ ನರ್ಸ್ ಯಂತ್ರ ಜೋಡಿಸಲು ಬಂದಾಗ ವರ್ಸಿತೋ ನಿಟ್ಟುಸಿರಿಟ್ಟ. “ಇವತ್ತು ಯಾರನ್ನ ತುಂಬ್ತೀರಮ್ಮ?”

“ಯಾರನ್ನೂ ಇಲ್ಲ. ಇಷ್ಟು ದಿನಾನೂ ಬಾಟಲಿಯ ಪ್ರೋಟೀನ್ ದ್ರವಾನೇ ಹಾಕಿದ್ದು.”

“ಹಾಗಾದ್ರೆ ನಮ್ಮ ಓಣಿಯವರು ಕೊಟ್ಟಿದ್ದು?”

“ಬೇರೆ ರೋಗಿಗಳಿಗೆ ಹೋಗಿದೆ.”

ವರ್ಸಿತೋನ ಬಿಳಿಚಿದ ಮುಖಕ್ಕೆ ಬಣ್ಣ ಬಂತು. ಬೆಳವಕ್ಕಿ ಉಳಿಯಿತು, ಸಾಟೆಯೂ ಉಳಿಯಿತು! ತುಕಿಜೋನ ಮಾನ ಓಣಿಯೆದುರು ಹರಾಜು ಹಾಕಲು ಮೊಬೈಲು ಕೈಗೆತ್ತಿಕೊಂಡ.

ಅಷ್ಟರಲ್ಲಿ ಡಾಕ್ಟರು ಬಂದರು. “ನಾಳೆ ಕಿಡ್ನಿಯ ಚೂರು ತೆಗೆದು ಪರೀಕ್ಷೆ ಮಾಡ್ಬೇಕು. ನಿಮ್ಮ ರಕ್ತ ಸರಿಯಾಗಿ ಹೆಪ್ಪುಗಟ್ತಾ ಇಲ್ಲ. ಇನ್ನು ಬಾಟಲಿ ಸಾಲದು, ಜನರ ಪ್ಲಾಸ್ಮಾನೇ ಬೇಕು. ದಾಸ್ತಾನು ಬರಿದಾಗಿದೆ. ಓಣಿಯವರನ್ನ ಇನ್ನೊಂದ್ಸಲ ಕರೀರಿ.”

ಬಾಗಿಲಲ್ಲಿ ತುಕಿಜೋ ನಿಂತಿದ್ದ. “ಹಕ್ಕಿ ಮನೆ ಸೇರ್ತು ತಮ್ಮಾ. ಆದ್ರೆ ನಮ್ಮ ಪಂಜರ ಅದಕ್ಕೆ ಒಗ್ತಿಲ್ಲ.”

ವರ್ಸಿತೋ ಮೊಬೈಲನ್ನು ದಿಂಬಿನಡಿ ತಳ್ಳಿದ. ಬಾಟಲಿಯ ಸಂಗತಿ ಹೆಂಡತಿಗೂ ಹೇಳಬಾರದೆಂದು ನಿರ್ಧರಿಸಿ, ಹಲ್ಲು ಕಿರಿದ.

“ನಮ್ಮ ಪಂಜರಾನೂ ತಗೊಂಡ್ಹೋಗಿ ಅಣ್ಣಾ. ಎಷ್ಟಾದ್ರೂ ನನ್ನಲ್ಲಿ ಹರೀತಿರೋದು ನೀವೇ ತಾನೆ!”