ಚಿನ್ ಅಂದರೆ ಗದ್ದ

"ನಲವತ್ತು ವರ್ಷದಿಂದ ಈ ಬೀದಿಯ ಗದ್ದಗಳನ್ನೆಲ್ಲ ಕೈಯಲ್ಲಿ ಹಿಡಿದು ತಿರುಗಿಸಿದವನು ನಾನು. ಒಂದು ಕೂದಲೂ ಬಿಟ್ಟವನಲ್ಲ! ಅಂಥವನಿಗೆ ಒಂದು ಗದ್ದದ ಹೆಸರು ಕಲಿಸೋಕೆ ಆಗೋದಿಲ್ವಾ? ನೋಡ್ತಾ ಇರು!"

ಕತ್ತರಿ ಮಾವ ಮಗಳ ಮುಂದೆ ಹೀಗೆ ಶಪಥ ಮಾಡಿದಾಗ ಸಲೂನಿನ ಕುರ್ಚಿಗಳೆರಡೂ ಖಾಲಿ ಇದ್ದವು. ಸಾಕ್ಷಿಗೆ ಇದ್ದದ್ದು ಕನ್ನಡಿಯೊಂದೇ.

ಕಲಿಯಬೇಕಾದವರು ಅವರ ಹೆಂಡತಿ ಟೀಚರಮ್ಮ. ಮೂವತ್ತು ವರ್ಷ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದವರು! ಮದುವೆಯಾದ ಹೊಸದರಲ್ಲಿ ಗಂಡನಿಗೂ ಪಾಠ ಹೇಳಿದ್ದರು: "ಚಿನ್ ಅಂದ್ರೆ ಗದ್ದ, ಗಡ್ಡ ಅಲ್ಲ. ಗದ್ದ ಹೊಲ, ಗಡ್ಡ ಬೆಳೆ. ನೀವು ಕೊಯ್ಯೋದು ಬೆಳೆ ಮಾತ್ರ, ನೆನಪಿರಲಿ." ಮಾವ ಅದನ್ನು ಗಿರಾಕಿಗಳಿಗೆಲ್ಲ ಹೇಳಿ ನಗಿಸುತ್ತಿದ್ದರು. ಈಗ ಟೀಚರಮ್ಮನಿಗೇ ಮರೆವಿನ ಕಾಯಿಲೆ. ಎರಡು ಸಲ ಒಲೆ ಹಚ್ಚಿ ಮರೆತರು. ಒಂದು ಸಲ ಎಂದೋ ಮುಚ್ಚಿಹೋದ ಶಾಲೆಗೆ ಪಾಠ ಮಾಡಲು ಹೋಗಿ ಗೇಟಿನ ಮುಂದೆ ಸಂಜೆಯವರೆಗೆ ನಿಂತರು.

ಡಾಕ್ಟರು ಊರಿಗೆ ಹೊಸಬರು, ಅವರಿಗೆ ನಮ್ಮ ಮಾತು ಬಾರದು. ನೆನಪಿನ ಪರೀಕ್ಷೆಯೆಲ್ಲ ಇಂಗ್ಲಿಷಿನಲ್ಲೇ. ಹೋದ ಸಲ ಗದ್ದ ಮುಟ್ಟಿ ಎಂದರೆ ಟೀಚರಮ್ಮ ಮೂಗು ಮುಟ್ಟಿ, ಒಂದೇ ಅಂಕದಲ್ಲಿ ನಪಾಸಾಗಿದ್ದರು. ತಿಂಗಳು ಬಿಟ್ಟು ಇನ್ನೊಂದು ಪರೀಕ್ಷೆ. ಅದರಲ್ಲೂ ನಪಾಸಾದರೆ ಅಮ್ಮನನ್ನು ಆರೈಕೆ ಮನೆಗೆ ಸೇರಿಸುವುದೇ ಸೈ ಎಂದು ಮಗಳು ಹೇಳಿಬಿಟ್ಟಿದ್ದಳು. ಅವಳೇನೂ ಕಲ್ಲೆದೆಯವಳಲ್ಲ. ಎರಡು ಸಲವೂ ಓಡಿಬಂದು ಆ ಒಲೆ ಆರಿಸಿದವಳು ಅವಳೇ.

ಮೊದಲ ದಿನ ಮಾವ ಹೆಂಡತಿಯ ಗದ್ದ ಮುಟ್ಟಿ "ಚಿನ್" ಎಂದರು. ಪಟ್ಟನೆ ಕೈಗೆ ಏಟು ಬಿತ್ತು! ಯಾರಾದರೂ ಮುಖ ಮುಟ್ಟಿದರೆ ಈಗ ಟೀಚರಮ್ಮನಿಗೆ ಆಗುತ್ತಿರಲಿಲ್ಲ. ಅಷ್ಟಕ್ಕೇ ಬಿಡುವವರೇ ಮಾವ? ತಾವೇ ಗಿರಾಕಿಯ ಕುರ್ಚಿಯಲ್ಲಿ ಕುಳಿತು, ಕೊರಳಿಗೆ ಬಟ್ಟೆ ಕಟ್ಟಿಕೊಂಡು, ಸೋಪಿನ ಬ್ರಷ್ಷನ್ನು ಹೆಂಡತಿಯ ಕೈಗಿತ್ತರು. "ಚಿನ್" ಎಂದಾಗ ಗದ್ದಕ್ಕೆ ನೊರೆ ಹಚ್ಚಬೇಕು, ಅಷ್ಟೇ ಪಾಠ. ಮೊದಲ ವಾರ ಕಿವಿಗೂ ನೊರೆ, ಕಣ್ಣಿಗೂ ನೊರೆ. ಕಾದು ಕುಳಿತ ಗಿರಾಕಿಗಳು ಬಿದ್ದು ಬಿದ್ದು ನಕ್ಕರು; ಇಬ್ಬರು ಎದ್ದು ಎದುರಿನ ಸಲೂನಿಗೆ ನಡೆದರು. ಮೂರನೆಯ ವಾರಕ್ಕೆ "ಚಿನ್" ಎಂಬ ಮಾತು ಬಾಯಿಂದ ಬಿದ್ದರೆ ಸಾಕು, ಬ್ರಷ್ಷು ನೇರ ಗದ್ದಕ್ಕೆ! ಮಾವನಿಗೆ ಆಕಾಶ ಮೂರೇ ಗೇಣು. ಮಗಳಿಗೆ ಫೋನು ಮಾಡಿ, ಅಮ್ಮನ ಹಾಸಿಗೆ ಇಲ್ಲೇ ಇರುತ್ತದೆ ಎಂದು ಸಾರಿಬಿಟ್ಟರು.

ಪರೀಕ್ಷೆಯ ಬೆಳಿಗ್ಗೆ ಮಾವ ಗಡಿಬಿಡಿಯಲ್ಲಿ ಗಡ್ಡ ಕೆರೆದುಕೊಂಡು, ಹೆಂಡತಿಗೆ ಇಸ್ತ್ರಿ ಬಟ್ಟೆ ಹಾಕಿಸಿ ಹೊರಟರು. ಡಾಕ್ಟರ ಮುಂದೆ ಮಗಳೂ ಸೇರಿ ಮೂವರೂ ಸಾಲಾಗಿ ಕುಳಿತರು. ವಾರ, ತಿಂಗಳು, ಪೆನ್ನು, ಗಡಿಯಾರ ಎಲ್ಲ ಹೇಗೋ ದಾಟಿತು. ಕೊನೆಗೆ ಬಂತು: "ಟಚ್ ಯುವರ್ ಚಿನ್."

ಟೀಚರಮ್ಮ ಒಂದು ಕ್ಷಣವೂ ತಡೆಯಲಿಲ್ಲ. ಪಕ್ಕಕ್ಕೆ ತಿರುಗಿ ಗಂಡನ ಗದ್ದ ಹಿಡಿದರು.

ಡಾಕ್ಟರು ಸೊನ್ನೆ ಹಾಕಿದರು. ಮಾವ ಡಾಕ್ಟರಿಗೆ ಕೈ ಮುಗಿದರು. ಯಾರದಾದರೇನು, ಅದೂ ಗದ್ದವೇ ತಾನೆ. ತಪ್ಪು ಕಲಿಸಿದವನು ನಾನು, ಸೊನ್ನೆ ನನಗೆ ಹಾಕಿ ಎಂದು ಗೋಗರೆದರು. ಅದನ್ನೆಲ್ಲ ಇಂಗ್ಲಿಷಿಗೆ ತಿರುಗಿಸಲು ಹೋದ ಮಗಳು ಅರ್ಧಕ್ಕೇ ನಿಲ್ಲಿಸಿ ಕರವಸ್ತ್ರ ಹುಡುಕಿದಳು. ಟೀಚರಮ್ಮ ಮಾತ್ರ ಗದ್ದ ಬಿಟ್ಟಿರಲಿಲ್ಲ. ಹೆಬ್ಬೆರಳಿನಿಂದ ಅದರ ಕೆಳಗೆ ಸವರಿ, "ರೀ, ಇಲ್ಲೊಂದಿಷ್ಟು ಬಿಟ್ಟಿದ್ದೀರಿ" ಎಂದರು. ತಿಂಗಳಿಂದ ಅವರಾಗಿಯೇ ಆಡಿದ ಪೂರ್ತಿ ಮಾತು ಅದೊಂದೇ. ಅದಕ್ಕೆ ಅಂಕ ಕೊಡಲು ಡಾಕ್ಟರ ಹಾಳೆಯಲ್ಲಿ ಜಾಗವಿರಲಿಲ್ಲ.

ಸೋಮವಾರ ಟೀಚರಮ್ಮ ಆರೈಕೆ ಮನೆ ಸೇರಿದರು.

ಅಂದಿನಿಂದ ಮಾವ ದಿನಾ ಮಧ್ಯಾಹ್ನ ಅಂಗಡಿಯ ಬಾಗಿಲೆಳೆದು ಅಲ್ಲಿಗೆ ಹೋಗುತ್ತಿದ್ದರು. ಹೊರಡುವ ಮುಂಚೆ ನುಣ್ಣಗೆ ಕ್ಷೌರ ಮಾಡಿಕೊಳ್ಳುತ್ತಿದ್ದರು, ಗದ್ದದ ಕೆಳಗೆ ಬೆರಳಗಲ ಬಿಟ್ಟು. ಬೇಕೆಂದೇ! ವಯಸ್ಸಾಯಿತು, ಕೈ ತಪ್ಪುತ್ತಿದೆ ಎಂದು ಗಿರಾಕಿಗಳು ಆಡಿಕೊಂಡರು. ಆಡಿಕೊಳ್ಳಲಿ. ಟೀಚರಮ್ಮ ದಿನಾ ಗದ್ದ ಹಿಡಿದು ಹುಡುಕುತ್ತಿದ್ದರು, ಸಿಕ್ಕ ಕೂಡಲೇ ಗದರುತ್ತಿದ್ದರು. ಆ ಒಂದು ಗದರಿಕೆಯ ಆಸೆಯಲ್ಲೇ ಮಾವನ ದಿನ ಸಾಗುತ್ತಿತ್ತು.

ಆರನೆಯ ವಾರದಲ್ಲೊಂದು ದಿನ ಟೀಚರಮ್ಮ ಎಂದಿನಂತೆ ಗದ್ದ ಹಿಡಿದರು. ಸವರಿದರು. ಬೆರಳು ಸರಿಯಾದ ಜಾಗದಲ್ಲೇ ನಿಂತಿತು. ಮಾವ ಕಣ್ಣು ಮುಚ್ಚಿ ಬೈಗುಳಕ್ಕೆ ಕಾದರು.

"ಯಾರು ನಿಮಗೆ ಶೇವಿಂಗ್ ಮಾಡಿದ್ದು?" ಎಂದರು ಟೀಚರಮ್ಮ, ಹೊಸಬರನ್ನು ಮಾತಾಡಿಸುವ ಮರ್ಯಾದೆಯಲ್ಲಿ. "ಇನ್ಮೇಲೆ ಅವರ ಹತ್ತಿರ ಹೋಗ್ಬೇಡಿ. ನಮ್ಮ ಯಜಮಾನರ ಹತ್ತಿರ ಹೋಗಿ. ಒಂದು ಕೂದಲೂ ಬಿಡೋರಲ್ಲ."

ಕತ್ತರಿ ಮಾವ ಕಣ್ಣು ತೆರೆದರು. ನಿಮ್ಮ ಯಜಮಾನರ ಅಂಗಡಿ ಎಲ್ಲಿದೆ ಎಂದು ಕೇಳಿದರು.

ಬೀದಿ, ತಿರುವು, ಅಂಗಡಿಯ ನಂಬರು, ಎಲ್ಲವನ್ನೂ ಟೀಚರಮ್ಮ ಒಂದು ತಪ್ಪಿಲ್ಲದೆ ಹೇಳಿದರು.