ನೆಮ್ಮದಿಯ ಚೀಟಿ, ನೀಲಿ ನೀರು

ಚಿಂತೆ ಮಾಡುವುದರಲ್ಲಿ ನಾರಾಯಣಖೇಡದಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಮಳೆ ಬಂದರೆ ಶಾಲೆಯ ಮಾಳಿಗೆ ಸೋರೀತೆಂದು ಚಿಂತೆ, ಬಾರದಿದ್ದರೆ ಬಾವಿ ಬತ್ತೀತೆಂದು ಚಿಂತೆ. ಎರಡೂ ಇಲ್ಲದ ದಿನ, ಎಲ್ಲ ಇಷ್ಟು ಚೆನ್ನಾಗಿದೆಯಲ್ಲ, ಏನೋ ಕೆಟ್ಟದ್ದು ಕಾದಿದೆ ಎಂದು ಚಿಂತೆ!

ಆಗಿನ್ನೂ ನಿಜಾಮರ ಆಳ್ವಿಕೆ. ನಾನು ಮಿಷನ್ನಿನವರ ಪುಟ್ಟ ಕನ್ನಡ ಶಾಲೆಯ ಹಂಗಾಮಿ ಮಾಸ್ತರ. ಮೂರು ವರ್ಷದಿಂದ ಹಂಗಾಮಿ. ಕಾಯಂ ಮಾಡಿರೆಂದು ಬರೆದ ದರ್ಖಾಸ್ತುಗಳಿಗೆ ಉತ್ತರವೇ ಇಲ್ಲ. ಜಹೀರಾಬಾದಿನಿಂದ ಪಾದ್ರಿಯವರು ಬಂದಾಗ ಒಮ್ಮೆ ಧೈರ್ಯ ಮಾಡಿ ಕೇಳಿಯೇ ಬಿಟ್ಟೆ.

"ಮಾಸ್ತರ, ನಿಮಗ ಓದು ಬರ್ತದ, ಬರಹ ಬರ್ತದ. ಆದ್ರ ನಿಮ್ಮ ಮಾರಿ ನೋಡಿ ಕೂಸುಗಳು ಅಳ್ತಾವ" ಎಂದರು ಅವರು. "ಮೊದಲ ಚಿಂತಿ ಕಡಿಮಿ ಮಾಡ್ಕೋರಿ. ಸತ್ಯವೇದದಾಗ ಒಂದು ಶಬ್ದ ಹಿಡೀರಿ. ಎಲ್ಲೆಲ್ಲಿ ಬರ್ತದ ನೋಡಿ ಬರಕೋರಿ, ಸುಮ್ನ ಕುಂತು ಪ್ರಾರ್ಥನಾ ಮಾಡ್ರಿ. ಒಂದು ತಿಂಗಳ ಬಿಟ್ಟು ಬರ್ತೀನಿ. ನೆಮ್ಮದಿ ಕಂಡ್ರ ಕಾಯಂ."

ನೆಮ್ಮದಿ ತಾನೆ! ಇದೇನು ಮಹಾ, ಒಂದು ವಾರದ ಕೆಲಸ ಎಂದುಕೊಂಡೆ.

ಮರುದಿನವೇ 'ಚಿಂತೆ' ಎಂಬ ಶಬ್ದವನ್ನು ಹಿಡಿದೆ. ವೈರಿಯನ್ನೇ ಮೊದಲು ಹಿಡಿಯಬೇಕಲ್ಲವೆ? ಜೋಳದಲ್ಲಿ ಕಲ್ಲು ಆರಿಸುವ ಹಾಗೆ ಮೊದಲ ಪುಟದಿಂದ ಸಾಲು ಸಾಲಿಗೂ ಬೆರಳಿಟ್ಟು ಹುಡುಕಿದೆ. ಸಿಕ್ಕ ವಾಕ್ಯವನ್ನೆಲ್ಲ ಒಂದೊಂದು ಚೀಟಿಯಲ್ಲಿ ಬರೆದೆ. ನಲವತ್ತು ಪುಟ ದಾಟಿದ ಮೇಲೆ ಸಂಶಯ ಬಂತು: ಹಿಂದೆ ಎಲ್ಲೋ ಒಂದು ಬಿಟ್ಟುಹೋಯಿತೆ? ಮತ್ತೆ ಮೊದಲಿನಿಂದ! ಮೂರನೆಯ ಸಲ ನಾನು ಸೃಷ್ಟಿಯ ಮೊದಲ ದಿನಕ್ಕೆ ಮರಳಿದಾಗ ಹೆಂಡತಿ ಮಾರ್ತಮ್ಮನಿಗೆ ತಡೆಯಲಾಗಲಿಲ್ಲ.

"ಅಲ್ರೀ, ಇಷ್ಟು ದಿನ ನಿಮ್ಮ ಚಿಂತಿ ಅಷ್ಟೇ ಇತ್ತು. ಈಗ ಹಳೇ ರಾಜರದು, ಪ್ರವಾದಿಗಳದು, ಎಲ್ಲಾರ ಚಿಂತೀನೂ ಮನಿಗೆ ತಂದೀರಲ್ಲ!"

"ಇದು ಅಧ್ಯಯನ. ನಿನಗ ತಿಳ್ಯಂಗಿಲ್ಲ. ಚಿಂತಿ ಬಂದ್ರ ನೀ ಏನ ಮಾಡ್ತಿ ಹೇಳು ನೋಡಮು?"

"'ದೇವರೇ, ನನ್ನ ಕೈಲಾಗೋದು ಇಷ್ಟು, ಉಳಿದದ್ದು ನಿಂದು' ಅಂತೀನಿ. ಆಮ್ಯಾಲ ರೊಟ್ಟಿ ಬಡೀತೀನಿ."

ಇಷ್ಟು ಗಿಡ್ಡ ಪ್ರಾರ್ಥನೆ ಎಲ್ಲಿಯವರೆಗೆ ಮುಟ್ಟೀತೆಂದು ನನಗೆ ಅವಳ ಮೇಲೆ ಮರುಕ ಬಂತು. ಅಧ್ಯಯನಕ್ಕೆ ಹೊತ್ತು ಸಾಲದೆ ಶಾಲೆಯ ಮಕ್ಕಳನ್ನೂ ಅವಳಿಗೇ ಒಪ್ಪಿಸಿದೆ. ಅವಳೂ ಮಿಷನ್ನಿನ ಬೋರ್ಡಿಂಗಿನಲ್ಲಿ ಓದಿದವಳೇ. ಅಂಗಳದಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಪಾಠ ಶುರು ಮಾಡಿದಳು.

ಇತ್ತ ನನ್ನ ಚೀಟಿಗಳು ಗಾಳಿಗೆ ಹಾರತೊಡಗಿದವು. ಅಡ್ಡಾಡುತ್ತ ಓದಲು ಅನುಕೂಲವೆಂದು ಒಂದೊಂದಕ್ಕೂ ದಾರ ಕಟ್ಟಿ ಪಡಸಾಲೆಯ ಉದ್ದಕ್ಕೂ ಇಳಿಬಿಟ್ಟೆ. ನಾನು ಮಾಡಿದ ಘೋರ ಅಪರಾಧ ಅದೇ! ನಮ್ಮ ಕಡೆ ದಾರಕ್ಕೆ ಕಟ್ಟಿದ ಚೀಟಿಗೆ ಇರುವುದು ಒಂದೇ ಅರ್ಥ. ಜ್ವರ ಬರಲಿ, ದೃಷ್ಟಿ ತಾಗಲಿ, ಲಿಂಗ ಕಟ್ಟಿದವರೂ ಪ್ರಾರ್ಥನೆಗೆ ಹೋಗುವವರೂ ದರ್ಗಾದ ಮೌಲಾಸಾಬರ ಹತ್ತಿರ ಹೋಗಿ ಚೀಟಿ ಬರೆಸುತ್ತಿದ್ದರು. ಒಂದನ್ನು ತೋಳಿಗೆ ಕಟ್ಟಿಕೊಳ್ಳುವುದು, ಇನ್ನೊಂದನ್ನು ನೀರಿನಲ್ಲಿ ತೊಳೆದು ಆ ಮಸಿನೀರು ಕುಡಿಯುವುದು. ಹೋದ ಸಲ ಪಾದ್ರಿಯವರು ಒಂದು ತಾಸು ಪ್ರಸಂಗ ಮಾಡಿದ್ದೇ ಈ ಪದ್ಧತಿಯ ವಿರುದ್ಧ.

ಪಕ್ಕದ ಮನೆಯ ಗೌರಮ್ಮ ಬಾಗಿಲಲ್ಲಿ ಬಂದು ನಿಂತಳು. "ಮಾಸ್ತರ, ನಮ್ಮೆಮ್ಮಿ ನಾಕು ದಿನ ಆತು, ಹಾಲು ಕೊಡವಲ್ದು. ಒಂದು ಚೀಟಿ ಕೊಡ್ರಿ."

"ಅಕ್ಕಾ, ಇವು ಆ ಚೀಟಿ ಅಲ್ಲ. ಇವು ಮನಸಿನ ಚಿಂತಿಗೆ..."

"ಎಮ್ಮಿಗೂ ಮನಸ ಇರ್ತದಲ್ಲರಿ!"

ಎಮ್ಮೆಯ ಮನಸ್ಸಿನ ಮಾತು ಯಾವ ಪುಟದಲ್ಲಿ ಬರುತ್ತದೆಂದು ನಾನು ಯೋಚಿಸುತ್ತಿರುವಾಗಲೇ ಅವಳು ಒಂದನ್ನು ಹರಿದುಕೊಂಡು ಹೋಗಿಬಿಟ್ಟಳು.

ಎಮ್ಮೆ ಅಂದು ಸಂಜೆಯೇ ತಂಬಿಗೆ ತುಂಬ ಹಾಲು ಕೊಟ್ಟಿತು! ದಿನವೂ ಅದಕ್ಕೆ ಬಡಿಗೆಯಿಂದ ಬಾರಿಸುತ್ತಿದ್ದ ಗೌರಮ್ಮನ ನಾದಿನಿ ಅಂದೇ ತಾಂಡೂರಿನ ಗಂಡನ ಮನೆಗೆ ಮರಳಿದ್ದಳು. ಅದನ್ನು ಯಾರೂ ಗಮನಕ್ಕೆ ತಂದುಕೊಳ್ಳಲಿಲ್ಲ.

ಅಲ್ಲಿಂದ ಮುಂದೆ ನಮ್ಮ ಬಾಗಿಲು ಮುಚ್ಚಲು ಬರಲಿಲ್ಲ. ಮೊಗುಡಂಪಲ್ಲಿಯಿಂದ ಹೊಟ್ಟೆನೋವು ಬಂತು. ನ್ಯಾಲ್ಕಲ್ಲಿನಿಂದ ಬಂಡಿ ಕಟ್ಟಿಕೊಂಡು ಅತ್ತೆ ಸೊಸೆಯ ಜಗಳ ಬಂತು. ನಾನು ಬೇಡ ಬೇಡವೆಂದಷ್ಟೂ "ಭಾಳ ದೊಡ್ಡವರು, ಹಂಗ ಯಾರಿಗೂ ಕೊಡಂಗಿಲ್ಲ" ಎಂದು ನನ್ನ ಕೀರ್ತಿ ಬೆಳೆಯಿತು. ಕೊನೆಗೆ ಮೌಲಾಸಾಬರೇ ಬಂದರು. ಜಗಳಕ್ಕೆ ಬಂದರೆಂದು ನಾನು ಕಂಬದ ಮರೆಗೆ ಸರಿದೆ. ಅವರು ಒಂದು ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದರು.

"ಮಾಸ್ತರ್ ಸಾಬ್, ಮಸಿ ಯಾವುದಿದು?"

"ಶಾಲಿದು. ನೀಲಿ ಮಸಿ."

"ತೋಬಾ ತೋಬಾ! ಮಂದಿ ಹೊಟ್ಟಿ ಕೆಡ್ತದ. ಕೇಸರಿ ನೀರಾಗ ಬರೀರಿ" ಎಂದು ಬುದ್ಧಿ ಹೇಳಿ ಹೋದರು.

ತಿಂಗಳು ತುಂಬಿದ ದಿನ ಓಣಿಯ ತುದಿಯಲ್ಲಿ ಪಾದ್ರಿಯವರ ಸೈಕಲ್ಲು ಕಂಡಿತು. ಚೀಟಿ ಕಂಡರೆ ಕಾಯಂ ಹೋಗಲಿ, ಹಂಗಾಮಿಯೂ ಉಳಿಯದು! ಸುಡೋಣವೆಂದರೆ ದೇವರ ವಾಕ್ಯ. ಎಲ್ಲವನ್ನೂ ಕಿತ್ತು ಅಡಿಗೆಮನೆಯ ಖಾಲಿ ಹಿತ್ತಾಳೆ ಕೊಡದಲ್ಲಿ ತುರುಕಿ, ಪಡಸಾಲೆಗೆ ಬಂದು ನೆಮ್ಮದಿಯ ಮುಖ ಮಾಡಿಕೊಂಡು ಕುಳಿತೆ.

ಪಾದ್ರಿಯವರು ಮೊದಲು ಅಂಗಳದ ಮಕ್ಕಳ ಹತ್ತಿರ ನಿಂತರು. ಕೇಳಿದ್ದಕ್ಕೆಲ್ಲ ಅವು ನಗುನಗುತ್ತ ಉತ್ತರ ಹೇಳಿದವು. ಒಂದೂ ಅಳಲಿಲ್ಲ. ಆಮೇಲೆ ಒಳಗೆ ಬಂದರು.

"ಮಾಸ್ತರ, ನೆಮ್ಮದಿ ಅದನೂ?"

"ಪೂರಾ ನೆಮ್ಮದಿರಿ!"

ಅಷ್ಟರಲ್ಲಿ ಮಾರ್ತಮ್ಮ, ಬಾವಿಯಿಂದ ತಂದ ನೀರನ್ನು ಆ ಕತ್ತಲೆ ಅಡಿಗೆಮನೆಯಲ್ಲಿ ಅದೇ ಕೊಡಕ್ಕೆ ಸುರಿದು, ಒಂದು ಲೋಟ ಮೊಗೆದು ತಂದು ಕೊಟ್ಟಿದ್ದಳು. ಬಿಸಿಲಲ್ಲಿ ಬಂದವರು ಗಟಗಟನೆ ಎತ್ತಿದರು. ನಡುವೆ ನಿಲ್ಲಿಸಿದರು. ಬಿಳಿ ಗಡ್ಡದ ಮೇಲೆ ನೀಲಿ ಹನಿ! ಮೀಸೆಗೆ ಅಂಟಿದ್ದ ಕಾಗದವನ್ನು ಮೆಲ್ಲಗೆ ಬಿಡಿಸಿ, ಕನ್ನಡಕ ಏರಿಸಿ ಓದಿದರು.

ಬಾಗಿಲಲ್ಲಿದ್ದ ಗೌರಮ್ಮ ಕೈಮುಗಿದು ಹೇಳಿದಳು: "ಪೂರಾ ಕುಡೀರಿ ಅಯ್ಯಾರ. ಅರ್ಧ ಬಿಟ್ರ ಅರ್ಧ ಚಿಂತಿ ಉಳೀತದ!"

ನಾನು ಎದ್ದು ನಿಂತು ನಡೆದದ್ದೆಲ್ಲ ಹೇಳಿದೆ. ಎಮ್ಮೆಯನ್ನೂ ಬಿಡಲಿಲ್ಲ. ಪಾದ್ರಿಯವರು ಗಡ್ಡ ಒರೆಸಿಕೊಂಡರು.

"ತಿಂಗಳ ಪೂರಾ ಕೂಸುಗಳಿಗೆ ಕಲಿಸಿದವರು ಯಾರು?"

ನಾನು ಮಾರ್ತಮ್ಮನ ಕಡೆ ಕೈ ಮಾಡಿದೆ. ಅವರು ಅಲ್ಲೇ ಕಾಗದ ತೆಗೆದು ಕಾಯಂ ಹುದ್ದೆಗೆ ಅವಳ ಹೆಸರು ಬರೆದರು.

ನನಗೆ ನೋವಾಯಿತು. ಆಗಲಿಲ್ಲವೆಂದರೆ ಸುಳ್ಳಾದೀತು. ಮಾರ್ತಮ್ಮ ನನ್ನ ಮುಖ ನೋಡಿ, "ನಾ ಇದನ್ನ ಕೇಳಿಲ್ರಿ, ನನಗ ಬ್ಯಾಡ" ಎಂದಳು. ಅವಳ ಕಣ್ಣು ತುಂಬಿತ್ತು.

"ತಗೋ. ಕೂಸುಗಳು ನಗಾಕತ್ತಾವ" ಎಂದೆ. ಮನಸ್ಸಿನಲ್ಲೇ ಅವಳ ಗಿಡ್ಡ ಪ್ರಾರ್ಥನೆ ಹೇಳಿಕೊಂಡೆ. ಕೆಲಸ ಹೋದೀತೆಂದು ಮೂರು ವರ್ಷ ಹೆದರಿದ್ದು ನಡೆದೇ ಹೋಗಿತ್ತು, ಮಾಳಿಗೆ ಕಳಚಿ ಬಿದ್ದಿರಲಿಲ್ಲ. ಚಿಂತೆ ಮಾಡೋಣವೆಂದರೆ ಇನ್ನೇನೂ ಉಳಿದಿರಲಿಲ್ಲ. ಎದೆ ನಿಜವಾಗಿಯೂ ಹಗುರಾಯಿತು.

ಪಾದ್ರಿಯವರಿಗೆ ನನ್ನ ಮೇಲೆ ಕನಿಕರ ಬಂತೇನೋ. ಶಾಲೆಯ ಮಕ್ಕಳಿಗೆ ಕುಡಿಯುವ ನೀರು ತುಂಬುವ ಕೆಲಸ ನನಗೆ ಕೊಟ್ಟು, "ಕೊಡದಾಗ ಹಣಿಕಿ ನೋಡಿ ತುಂಬ್ರಿ" ಎಂದರು.

ಅದೂ ಹಂಗಾಮಿ!