ನಮ್ಮ ಸೋದರಮಾವ ಬಲಕ್ಕೆ ತಿರುಗಿದ್ದು

ನಮ್ಮ ಸೋದರಮಾವನಿಗೆ ಬಲಕ್ಕೆ ತಿರುಗಲು ಒಂದು ವರ್ಷ ಹಿಡಿಯಿತು. ನಗಬೇಡಿ! ಎಡಕ್ಕೆ ತಿರುಗುವುದು ಅವರಿಗೆ ಮೊದಲಿಂದಲೂ ಬರುತ್ತಿತ್ತು. ನೆಟ್ಟಗೆ ಹೋಗುವುದರಲ್ಲಂತೂ ಅವರನ್ನು ಮೀರಿಸುವವರಿರಲಿಲ್ಲ. ಜಗಳೂರು ಕಡೆ ಆರು ವರ್ಷ ನೌಕರಿ ಮಾಡಿದವರು. ಅಲ್ಲಿನ ಬಯಲಿನಲ್ಲಿ ರಸ್ತೆಗೇ ತಿರುಗುವ ಮನಸ್ಸಿಲ್ಲ, ಇನ್ನು ಇವರು ಯಾಕೆ ತಿರುಗಬೇಕು? ಚನ್ನಗಿರಿಗೆ ವರ್ಗವಾದ ಮೇಲೆಯೇ ಈ ಬಲದ ತಾಪತ್ರಯ ಶುರುವಾದದ್ದು.

ಮಾವ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ಸೂಳೆಕೆರೆಯಿಂದ ಸಾಸ್ವೆಹಳ್ಳಿಯವರೆಗೆ ಹಳ್ಳಿಯ ಜನ ಮಾತ್ರ ಅವರನ್ನು ಡಾಕ್ಟ್ರು ಎಂದೇ ಕರೆಯುತ್ತಿದ್ದರು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಅವರ ಹತ್ತಿರ ಸೈಕಲ್ಲಿಗೇ ಪುಟ್ಟ ಇಂಜಿನ್ನು ಕೂರಿಸಿದ ಒಂದು ಗಾಡಿಯಿತ್ತು. ಏರು ಬಂದರೆ ಪೆಡಲು ತುಳಿದು ಇಂಜಿನ್ನಿಗೆ ಇವರೇ ಸಹಾಯ ಮಾಡಬೇಕು. ಗಾಡಿ ಇವರನ್ನು ಹೊತ್ತು ತರುತ್ತದೋ ಇವರು ಗಾಡಿಯನ್ನು ಹೊತ್ತು ತರುತ್ತಾರೋ ಎಂದು ಅತ್ತೆ ದಿನಾ ಸಂಜೆ ಕೇಳುತ್ತಿದ್ದರು.

ಅತ್ತೆ ಕೇಳಿದ್ದು ಮಾವನಿಗೆ ಕೇಳಿಸುತ್ತಿರಲಿಲ್ಲ. ನಲವತ್ತೈದು ದಾಟುವ ಹೊತ್ತಿಗೇ ಅವರ ಕಿವಿ ಮಂದವಾಗಿತ್ತು. ಆದರೆ ಅದನ್ನು ಅವರು ಒಪ್ಪಬೇಕಲ್ಲ! "ಚನ್ನಗಿರಿ ಜನ ಮಾತಾಡೋದೇ ಮೆತ್ತಗೆ. ಜಗಳೂರಿನೋರು ಹಂಗಲ್ಲ, ಬಾಯಿ ಬಿಟ್ಟು ಮಾತಾಡ್ತಾರೆ" ಎನ್ನುವರು. ಇಡೀ ಊರಿನ ದನಿಯೇ ಕುಗ್ಗಿದೆಯೆಂದು ವಾದಿಸುವ ಮನುಷ್ಯನಿಗೆ ಏನು ಹೇಳುವುದು?

ಒಂದು ದಿನ ಕೆರೆಯ ಹತ್ತಿರ ಹಳ್ಳಿದಾರಿಗೆಂದು ಬಲಕ್ಕೆ ತಿರುಗಿದರು. ಹಿಂದೆ ಬಸ್ಸಿತ್ತು. ಹಾರ್ನು ಹೊಡೆದೂ ಹೊಡೆದೂ ಡ್ರೈವರನ ಕೈ ಸೋತಿತ್ತು. ಬಸ್ಸಿನ ಮುಂದಿನ ಗಾಲಿ ಚರಂಡಿಗಿಳಿದು ನಿಂತಿತು. ಕಿಟಕಿಕಿಟಕಿಯಿಂದಲೂ ಜನ ತಲೆ ಹೊರಹಾಕಿ ಬಾಯಿಗೆ ಬಂದಂತೆ ಬೈದರು. ಮಾವ ಗಾಡಿ ನಿಲ್ಲಿಸಿ, ಅಷ್ಟೊಂದು ಜನ ಗುರುತು ಹಿಡಿದು ಮಾತಾಡಿಸುತ್ತಿದ್ದಾರಲ್ಲ ಎಂದು ಸಂತೋಷಪಟ್ಟು, ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದರು.

ಸುದ್ದಿ ಅವರಿಗಿಂತ ಮೊದಲೇ ಮನೆ ಮುಟ್ಟಿತು. ಆಸ್ಪತ್ರೆಯ ದೊಡ್ಡ ಡಾಕ್ಟರು ಕರೆದು, "ನಾಳೆಯಿಂದ ಹಳ್ಳಿಗೆ ಬ್ಯಾಡ. ಚೀಟಿ ಬರಕೊಂಡು ಇಲ್ಲೇ ಕೂತ್ಕಳ್ರಿ" ಅಂದರಂತೆ. ಆ ಮಾತು ಮಾತ್ರ ಮಾವನಿಗೆ ಚೆನ್ನಾಗಿ ಕೇಳಿಸಿತ್ತು! ಮನೆಗೆ ಬಂದು ಅಂಗಿಯನ್ನೂ ಬಿಚ್ಚದೆ ಕೂತರು.

"ಚೀಟಿ ಬರಿಯೋದು ಅಂದ್ರೆ ಬಂದೋರಿಗೆಲ್ಲ ಏನು, ಏನು ಅಂತ ಕೇಳ್ಬೇಕು ಕಣವ್ವಾ" ಎಂದರು, ಆಗ ಅವರ ಮನೆಯಲ್ಲೇ ಇದ್ದು ಓದುತ್ತಿದ್ದ ನನಗೆ. "ದನ ಹಂಗಲ್ಲ. ಅದು ಯಾವತ್ತು ಬಾಯಲ್ಲಿ ಹೇಳೈತೆ? ಹೊಟ್ಟೆ ಮೇಲೆ ಕೈ ಇಟ್ರೆ ನನಗೆ ತಿಳಿತೈತೆ."

ಅವರು ತಮ್ಮ ಕಿವಿಯ ಬಗ್ಗೆ ಬಾಯಿಬಿಟ್ಟು ಆಡಿದ್ದು ಅದೊಂದೇ ಸಲ. ನನಗೆ ಸಂಕಟವಾಯಿತು. ಅತ್ತೆಗೂ ಆಗಿರಬೇಕು, ಆದರೆ ಅತ್ತೆಯ ಸಂಕಟ ಯಾವಾಗಲೂ ಸಿಟ್ಟಿನ ರೂಪದಲ್ಲೇ ಹೊರಬರುವುದು. "ಹಿಂದೆ ಬರೋನಿಗೆ ನೀವು ತಿರುಗೋದು ಕಾಣಂಗೆ ಲೈಟು ಹಾಕ್ಸಿದ್ರೆ ಗಾಡಿ ಮುಟ್ರಿ. ಇಲ್ಲಾಂದ್ರೆ ಚೀಟಿನೇ ಬರೀರಿ!" ಎಂದು ಗಾಡಿಯ ಪ್ಲಗ್ಗು ಬಿಚ್ಚಿಸಿ ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿಯ ಪಕ್ಕ ಇಟ್ಟರು. ದೊಡ್ಡ ಡಾಕ್ಟರೂ ಈ ಕರಾರಿಗೆ ಒಪ್ಪಿದರು.

ಕೈ ತೋರಿಸಿ ತಿರುಗಬಹುದಿತ್ತಲ್ಲ ಅಂತೀರಾ? ಬಲಗೈಯಲ್ಲೇ ಎಕ್ಸಲೇಟರು. ಕೈ ಬಿಟ್ಟರೆ ಇಂಜಿನ್ನು ಕೆಮ್ಮಿ ನಿಲ್ಲುತ್ತಿತ್ತು. ಕೈ ಚಾಚಿಕೊಂಡು ನಡುರಸ್ತೆಯಲ್ಲಿ ನಿಂತವರನ್ನು ನೋಡಿ ಜನ ಬಸ್ಸಿಗೆ ಕಾಯುತ್ತಿದ್ದಾರೆಂದು ತಿಳಿಯುತ್ತಿದ್ದರು.

ಮೊದಲು ಡೈನಮೋ ಕಟ್ಟಿದರು. ಗಾಲಿ ಜೋರಾಗಿ ತಿರುಗಿದರೆ ಲೈಟು ಜೋರು, ನಿಧಾನವಾದರೆ ಲೈಟೂ ನಿಧಾನ. ತಿರುಗುವಾಗ ಯಾರಾದರೂ ಜೋರಾಗಿ ಹೋಗುತ್ತಾರೆಯೇ? ನೆಟ್ಟಗೆ ಹೋಗುವಾಗ "ತಿರುಗುತ್ತೇನೆ, ತಿರುಗುತ್ತೇನೆ" ಎಂದು ಝಗಮಗಿಸಿದ ದೀಪ, ತಿರುವು ಬಂದ ಕೂಡಲೇ ಕಣ್ಣು ಮುಚ್ಚುತ್ತಿತ್ತು. ಆಮೇಲೆ ಟಾರ್ಚಿನ ಸೆಲ್ಲು, ಚಿಕ್ಕ ಬಲ್ಬು, ಅದರ ಮೇಲೆ ಹಳದಿ ಬಣ್ಣದ ಹಾಳೆ. ಬಿಸಿಲಲ್ಲಿ ಅದು ಹತ್ತಿದೆಯೋ ಇಲ್ಲವೋ ಎಂದು ನೋಡಲು ನಾವು ಅದರ ಸುತ್ತ ಟವಲು ಹಿಡಿದು ನಿಲ್ಲಬೇಕಾಯಿತು. ಹಿಂದೆ ಬರುವ ಬಸ್ಸಿನವರು ಟವಲು ಎಲ್ಲಿಂದ ತರಬೇಕು?

ಕೊನೆಗೆ ನ್ಯಾಮತಿಯ ಒಬ್ಬ ರೇಡಿಯೋ ರಿಪೇರಿಯವರು ಸಿಕ್ಕರು. ಸ್ಕೂಟರಿನ ಬ್ಯಾಟರಿ ಕೂರಿಸಿ, ಲೈಟು ಮಿಣುಕಲೆಂದು ಲಾರಿಯೊಂದರಿಂದ ಬಿಚ್ಚಿದ ಫ್ಲಾಶರ್ ಹಾಕಿಕೊಟ್ಟರು. ಅದಕ್ಕೆ ದೊಡ್ಡ ಬಲ್ಬಿನ ಅಭ್ಯಾಸ. ನಮ್ಮ ಪುಟ್ಟ ಬಲ್ಬು ಕಂಡು ಮಿಣುಕಲೇ ಒಲ್ಲದು. ಬಲ್ಬು ದೊಡ್ಡದಾಯಿತು. ಬಲ್ಬು ದೊಡ್ಡದಾದದ್ದಕ್ಕೆ ಬ್ಯಾಟರಿ ದೊಡ್ಡದಾಯಿತು. ಬ್ಯಾಟರಿ ಒಂದು ಪಕ್ಕಕ್ಕೆ ಎಳೆಯುತ್ತದೆಂದು ಇನ್ನೊಂದು ಪಕ್ಕಕ್ಕೆ ಔಷಧದ ಪೆಟ್ಟಿಗೆ ಬಂತು. ಮಾವ ಚನ್ನಗಿರಿಗೂ ನ್ಯಾಮತಿಗೂ ಎಷ್ಟು ಸಲ ಬಸ್ಸು ಹತ್ತಿಳಿದರೋ ಲೆಕ್ಕವಿಲ್ಲ. ಅಂತೂ ಒಂದು ಬೆಳಿಗ್ಗೆ ಬೀದಿಯಲ್ಲಿ ಪರೀಕ್ಷೆ ನಡೆಯಿತು. ಗಾಡಿಯ ಮೇಲೆ ಮಾವ, ಇಪ್ಪತ್ತು ಮಾರು ಹಿಂದೆ ಅತ್ತೆ.

"ಹತ್ತಿತು!" ಎಂದು ಅತ್ತೆ ಕೂಗಿದರು.

"ಹತ್ತಿತೇನೇ?" ಎಂದು ಮಾವ ಕೇಳಿದರು.

"ಹತ್ತಿತೂ ಅಂದ್ರೆ!"

"ಮೆತ್ತಗೆ ಮಾತಾಡಿದ್ರೆ ಹೆಂಗೆ ತಿಳೀಬೇಕು?"

ಬೀದಿಯವರೆಲ್ಲ ಬಾಗಿಲಿಗೆ ಬಂದು "ಹತ್ತಿತೂ ಡಾಕ್ಟ್ರೇ!" ಎಂದು ಒಟ್ಟಿಗೆ ಕೂಗಿದ ಮೇಲೆ ಅತ್ತೆ ಒಳಗೆ ಹೋಗಿ ಪ್ಲಗ್ಗು ತಂದುಕೊಟ್ಟರು. "ಒಂದು ದಿನ ಕೆಟ್ರೂ ಗಾಡಿ ನಿಂತಂಗೇ" ಎನ್ನುವುದನ್ನು ಮರೆಯಲಿಲ್ಲ.

ಇಲ್ಲಿಗೆ ಮುಗಿಯಿತು ಅಂದುಕೊಂಡಿರಾ? ನಾವೂ ಹಾಗೇ ಅಂದುಕೊಂಡಿದ್ದೆವು. ಮೊದಲ ದಿನವೇ ಅದೇ ಕೆರೆಯ ಹತ್ತಿರ ಮಾವ ಬಲದ ಲೈಟು ಹಾಕಿ ಬಲಕ್ಕೆ ತಿರುಗಿದರು. ಲೈಟು ನೋಡಿದ ಹಿಂದಿನ ಬಸ್ಸು ನಿಲ್ಲುವ ಬದಲು ಜೋರು ಮಾಡಿ ಬಲಗಡೆಯಿಂದಲೇ ನುಗ್ಗಿತು! ಒಂದು ಗೇಣು ಅಂತರದಲ್ಲಿ ಇಬ್ಬರೂ ಬ್ರೇಕು ಹಿಡಿದರು. ಔಷಧದ ಸೀಸೆಗಳು ಒಡೆದು ರಸ್ತೆಯೆಲ್ಲ ಫಿನಾಯಿಲಿನ ವಾಸನೆ.

ಡ್ರೈವರ್ ಇಳಿದುಬಂದು ಗುಡುಗಿದ. "ಸೈಡು ಕೊಟ್ಟು ಅಡ್ಡ ಬರ್ತೀರಲ್ರೀ!"

ಅವನದೂ ತಪ್ಪಿಲ್ಲ. ನಮ್ಮ ಕಡೆ ಮುಂದಿನ ಲಾರಿ ಬಲದ ಲೈಟು ಮಿಣುಕಿಸಿದರೆ "ರಸ್ತೆ ಖಾಲಿ ಐತೆ, ನನ್ನ ದಾಟಿ ಹೋಗಪ್ಪ" ಎಂದು ಅರ್ಥ. ಮಾವ ವರ್ಷವೆಲ್ಲ ಒದ್ದಾಡಿ ಹತ್ತಿಸಿದ ದೀಪ, ಬಾ ಬಂದು ಹಾಯಿ ಎಂದು ಬಸ್ಸನ್ನು ಕರೆದಿತ್ತು.

ಡ್ರೈವರ್ ಇನ್ನೂ ಕೂಗುತ್ತಿದ್ದ. ಅಷ್ಟರಲ್ಲಿ ಬಸ್ಸಿನೊಳಗಿಂದ ಒಬ್ಬ ಮುದುಕಿ ಇಳಿದು, "ಬೈಬ್ಯಾಡಪ್ಪ, ಅವರಿಗೆ ಕಿವಿ ಕೇಳಂಗಿಲ್ಲ. ನಮ್ಮ ಎಮ್ಮೆ ಹೊಟ್ಟೇಲಿ ಕರು ಅಡ್ಡ ಸಿಕ್ಕಿದ್ದಾಗ ಇವರೇ ಬಂದು ತೆಗೆದಿದ್ದು" ಅಂದಳು. ಡ್ರೈವರ್ ಒಡೆದ ಸೀಸೆಯ ಚೂರುಗಳನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ.

ಮರುದಿನದಿಂದ ಒಂದು ವಾರ ಮಾವ ಚನ್ನಗಿರಿ ಬಸ್‌ಸ್ಟ್ಯಾಂಡಿನಲ್ಲಿ ಕೂತು ಡ್ರೈವರುಗಳಿಗೆ ಪಾಠ ಮಾಡಿದರು. "ನಂದು ಲಾರಿ ಅಲ್ಲ. ನಾನು ಯಾರಿಗೂ ಸೈಡು ಕೊಡಲ್ಲ. ಬಲಕ್ಕೆ ಮಿಣುಕಿದ್ರೆ ನಾನು ಬಲಕ್ಕೆ ತಿರುಗ್ತೀನಿ ಅಂತ. ತಿಳೀತೇನ್ರಪ್ಪಾ?" ಅವರೆಲ್ಲ ಚಹಾ ಕುಡಿಯುತ್ತ ತಲೆಯಾಡಿಸಿದರು. ಹೀಗೆ ನಮ್ಮ ಮಾವ ಬಲಕ್ಕೆ ತಿರುಗುವುದನ್ನು ಕಲಿತರು, ಅಥವಾ ರಸ್ತೆಗೆ ಕಲಿಸಿದರು.

ಮುಂದೆ ನನಗೆ ಹೊನ್ನಾಳಿಯಲ್ಲಿ ಶಾಲೆಯ ಕೆಲಸ ಸಿಕ್ಕಿತು. ಶನಿವಾರ ಬಸ್ಸು ಹತ್ತಿ ಮಾವನ ಮನೆಗೆ ಬರುತ್ತಿದ್ದೆ. ಒಂದು ಶನಿವಾರ ಸಂಜೆ ಡ್ರೈವರನ ಹಿಂದಿನ ಸೀಟಿನಲ್ಲಿ ಕೂತಿದ್ದೆ. ಸಾಸ್ವೆಹಳ್ಳಿ ದಾಟಿದ ಮೇಲೆ ಬಸ್ಸು ತೀರಾ ನಿಧಾನವಾಯಿತು.

"ಏನ್ರೀ ಇದು, ಎತ್ತಿನ ಗಾಡಿ ಆತಲ್ಲ!" ಎಂದು ಹಿಂದಿನಿಂದ ಯಾರೋ ಕೂಗಿದರು.

"ಮುಂದೆ ಡಾಕ್ಟ್ರು ಅದಾರೆ. ಸುಮ್ನೆ ಕೂತ್ಕಳ್ರಿ" ಎಂದ ಕಂಡಕ್ಟರ್.

ಎದ್ದು ನೋಡಿದೆ. ಮಾವ ತಮ್ಮ ಪಾಡಿಗೆ ತಾವು ಹೋಗುತ್ತಿದ್ದರು. ಹಿಂದೆ ಒಂದು ಬಸ್ಸು, ಬಸ್ಸಿನ ತುಂಬ ಜನ ಇದ್ದಾರೆಂಬುದು ಅವರಿಗೆ ಗೊತ್ತೇ ಇಲ್ಲ. ಡ್ರೈವರ್ ಒಂದು ಸಲವೂ ಹಾರ್ನು ಮುಟ್ಟಲಿಲ್ಲ. ಹಳ್ಳಿದಾರಿ ಹತ್ತಿರವಾದಾಗ ಮಾವ ಬೆನ್ನು ನೆಟ್ಟಗೆ ಮಾಡಿ ಗಂಭೀರವಾಗಿ ಕೂತರು. ಕೂಡಲೇ ಡ್ರೈವರ್ ಬಸ್ಸು ನಿಲ್ಲಿಸಿದ. ಎದುರು ಬರುತ್ತಿದ್ದ ಲಾರಿಯನ್ನು ಕೈ ಹೊರಹಾಕಿ ತಡೆದ. ಮಾವ ಬಲಕ್ಕೆ ತಿರುಗಿ ಹೊರಟುಹೋದರು.

ಅವರ ಲೈಟು ಹತ್ತಿರಲಿಲ್ಲ.

"ಲೈಟೇ ಹತ್ತಲಿಲ್ವಲ್ರೀ?" ಎಂದೆ.

"ಅದು ಹತ್ತದೆ ಮೂರು ತಿಂಗಳಾತು ಅಮ್ಮಾರೆ" ಎಂದ ಡ್ರೈವರ್. "ಮನೆ ಮುಂದೆ ನಿಂತಾಗ ಹತ್ತತೈತೆ. ರೋಡಿಗೆ ಬಂದು ಗಾಡಿ ಕುಲುಕಿದ್ರೆ ವೈರು ಬಿಟ್ಕಂತೈತೆ. ಸ್ವಿಚ್ಚು ಒತ್ತಾವಾಗ ಅವರು ಹಂಗೆ ನೆಟ್ಟಗೆ ಕೂತ್ಕಂತಾರೆ ನೋಡ್ರಿ, ಅದನ್ನ ನೋಡಿ ನಿಲ್ಲಿಸ್ತೀವಿ. ಈ ರೋಡಿನ ಡ್ರೈವರಿಗೆಲ್ಲ ಗೊತ್ತೈತೆ."

"ಅವರಿಗೆ ಹೇಳಬಾರದಾ?"

"ಹೇಳಿದ್ರೆ ಮನೇಲಿ ಗಾಡಿ ನಿಲ್ಲಿಸಿಬಿಡ್ತಾರಂತೆ. ಆಮೇಲೆ ನಮ್ಮ ದನಕ್ಕೆ ಯಾರು ಬರ್ತಾರೆ?"

ಸೆರಗಿನಿಂದ ಕಣ್ಣೊರೆಸಿಕೊಂಡೆ. ಅಷ್ಟು ಜನರ ಮುಂದೆ ಅಳುವುದಕ್ಕೆ ನಾಚಿಕೆಯೇನೂ ಆಗಲಿಲ್ಲ. ಮುಂದಿನ ವಾರವೇ ನ್ಯಾಮತಿಯ ರೇಡಿಯೋದವರನ್ನು ಕರೆತಂದು, ಮಾವ ಸ್ನಾನಕ್ಕೆ ಹೋದಾಗ ಆ ವೈರನ್ನು ಗಟ್ಟಿ ಮಾಡಿಸಿದೆ. ಆದರೆ ಅದಕ್ಕೂ ಮೊದಲು, ಬಸ್ಸಿನಲ್ಲಿ ಬಂದ ಆ ಶನಿವಾರ ಸಂಜೆ, ಮಾವ ಮನೆಗೆ ಬಂದವರೇ ನನ್ನನ್ನು ನೋಡಿ, "ನಾನು ತಿರುಗಿದ ಮೇಲೆ ಒಂದು ಬಸ್ಸು ಹೋತು, ಅದೇ ಬಸ್ಸಿಗೆ ಬಂದ್ಯೇನವ್ವಾ? ನನ್ನ ಲೈಟು ಹೆಂಗೆ ಕಾಣ್ತು?" ಎಂದು ಕೇಳಿದರು. ಅತ್ತೆ ಒಲೆಯ ಮುಂದಿನಿಂದ ತಿರುಗಿ ನನ್ನನ್ನೇ ನೋಡುತ್ತಿದ್ದರು.

ಅವರ ಕಿವಿಯ ಹತ್ತಿರ ಬಾಯಿಟ್ಟು ಕೂಗಿದೆ. "ನೀವು ತಿರುಗೋದು ಬಸ್ಸಿನೋರಿಗೆಲ್ಲ ಕಾಣ್ತು ಮಾವಾ!"

"ಎಲ್ಲರಿಗೂ?"

ಹೌದೆಂದು ತಲೆಯಾಡಿಸಿದೆ. ಅವರಿಗೆ ಅಷ್ಟು ಸಾಕಾಯಿತು.